ಆಟಿಯಲ್ಲಿ ಕೇಳಬೇಕಿದ್ದ ಪ್ರಶ್ನೆ

ಮಕ್ಕಳ ಬಡತನದ ಬಗೆಗಿನ ನನ್ನ ಸಂಶೋಧನೆಯ ಮೊದಲ ಸುತ್ತಿಗೆ ನಾನು ಹೊರಟದ್ದು ಮಾರ್ಚ್ ತಿಂಗಳಲ್ಲಿ. ಕಾಸರಗೋಡು ಜಿಲ್ಲೆಯ ಪೈವಳಿಕೆ, ಪುತ್ತಿಗೆ ಕಡೆಯ ಗುಡ್ಡದ ಮನೆಗಳ ಜಗಲಿಯಲ್ಲಿ ಕುಳಿತು, “ಕಳೆದ ಮೂವತ್ತು ದಿನಗಳಲ್ಲಿ ಆಹಾರ ಸಾಲದೆ ಮನೆಯಲ್ಲಿ ಯಾರಾದರೂ ಒಂದು ಹೊತ್ತಿನ ಊಟ ಬಿಟ್ಟಿದ್ದಾರೆಯೇ?” ಎಂದು ಕೇಳಿದೆ. ಇಲ್ಲ ಎಂದರು. ಪಕ್ಕದ ಮನೆಯಲ್ಲೂ ಇಲ್ಲ. ಎರಡು ವಾರ ಕಳೆಯುವಷ್ಟರಲ್ಲಿ ಆ ಕಾಲಂ ತುಂಬ ‘ಇಲ್ಲ’ ಎಂಬುದೊಂದೇ ಉತ್ತರವಿತ್ತು.

ಅದು ಗೇರುಬೀಜದ ಕಾಲ. ಮಕ್ಕಳು ಬೆಳಗ್ಗೆ ಎದ್ದು ಗುಡ್ಡಕ್ಕೆ ಹೋಗಿ ಬೀಜ ಹೆಕ್ಕಿ ತರುತ್ತಾರೆ, ಅಂಗಡಿಗೆ ಕೊಟ್ಟರೆ ಅಂದಂದಿನ ಹಣ ಅಂದಂದೇ ಕೈ ಸೇರುತ್ತದೆ. ದೊಡ್ಡವರಿಗೆ ತೋಟದಲ್ಲಿ ಕೆಲಸವಿರುತ್ತದೆ, ಅಡಿಕೆ ಸುಲಿಯುವುದಿರುತ್ತದೆ. ಅವರು ಸುಳ್ಳು ಹೇಳಿರಲಿಲ್ಲ. ನಾನು ಹಸಿವಿನ ಪ್ರಶ್ನೆಯನ್ನು ಹಸಿವಿಲ್ಲದ ತಿಂಗಳಲ್ಲಿ ಕೇಳಿದ್ದೆ. ಜೋರು ಮಳೆಗೆ ಕೆಲಸವಿಲ್ಲದ ಆಟಿ ತಿಂಗಳ ಕಷ್ಟವನ್ನು ಅಜ್ಜಿಯ ಬಾಯಿಂದ ಕೇಳುತ್ತಲೇ ಬೆಳೆದ ನನಗೆ ಇದು ಹೊರಡುವ ಮೊದಲೇ ಹೊಳೆಯಬೇಕಿತ್ತು.

ನಾನು ಆರಿಸಿಕೊಂಡದ್ದು ಎಂಟರಿಂದ ಹನ್ನೆರಡು ವರ್ಷದ ಮಕ್ಕಳನ್ನು. ಆರೋಗ್ಯ, ಶಿಕ್ಷಣ, ಜೀವನಮಟ್ಟ ಮೂರನ್ನೂ ಸೇರಿಸಿ ಬಡತನ ಅಳೆಯುವ ನೀತಿ ಆಯೋಗದ 2023ರ ಬಹು ಆಯಾಮ ಬಡತನ ವರದಿಯ ಪ್ರಕಾರ ಕೇರಳದಲ್ಲಿ ಬಡವರ ಪ್ರಮಾಣ ಶೇಕಡ 0.55, ಇಡೀ ದೇಶದಲ್ಲೇ ಅತಿ ಕಡಿಮೆ. ಅದರ ಹಿಂದೆ ದಶಕಗಳ ದುಡಿಮೆ ಇದೆ. ನನಗೆ ಅದರ ಬಗ್ಗೆ ಗೌರವವಿದೆ. ಆದರೆ ಆ ಲೆಕ್ಕ ಮನೆಯ ಲೆಕ್ಕ, ಮಗುವಿನದಲ್ಲ. ಅದಕ್ಕೆ ಆಧಾರವಾದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ತೂಕ, ಎತ್ತರ ಅಳೆಯುವುದು ಐದು ವರ್ಷದೊಳಗಿನ ಮಕ್ಕಳನ್ನು ಮತ್ತು ಹದಿನೈದು ತುಂಬಿದವರನ್ನು. ನಡುವಿನ ವಯಸ್ಸಿನ, ದಿನವೂ ಶಾಲೆಗೆ ನಡೆದು ಹೋಗುವ ಮಗು ತಕ್ಕಡಿಯನ್ನೇ ಹತ್ತುವುದಿಲ್ಲ.

ಎರಡನೇ ಸುತ್ತಿಗೆ ಮೂವತ್ತು ದಿನಗಳ ಪ್ರಶ್ನೆಯನ್ನು ಕೈಬಿಟ್ಟೆ. ಜಗಲಿಯ ಮೇಲೆ ಸೀಮೆಸುಣ್ಣದಿಂದ ಹನ್ನೆರಡು ಚೌಕ ಬರೆದು, ಪಗ್ಗು, ಬೇಶ, ಕಾರ್ತೆಲ್, ಆಟಿ, ಸೋಣ ಎಂದು ತುಳು ತಿಂಗಳುಗಳ ಹೆಸರು ಹೇಳುತ್ತಾ ಹೋದೆ. ಹಿಡಿ ತುಂಬ ಹುಣಸೆ ಬೀಜ ಕೊಟ್ಟು, ಕೆಲಸ ಹೆಚ್ಚಿದ್ದ ತಿಂಗಳಿಗೆ ಹೆಚ್ಚು ಬೀಜ ಇಡಿ ಎಂದೆ. ಒಂದು ಮನೆಯಲ್ಲಿ ಬೀಡಿ ಕಟ್ಟುತ್ತಿದ್ದ ತಾಯಿ ಮಡಿಲಲ್ಲಿದ್ದ ಗೆರಸೆಯನ್ನು ಪಕ್ಕಕ್ಕಿಟ್ಟು, ಹೊಗೆಸೊಪ್ಪಿನ ಪುಡಿ ಹತ್ತಿದ ಬೆರಳನ್ನು ಸೀರೆಗೆ ಒರೆಸಿಕೊಂಡು ಬೀಜ ಹಂಚಿದರು. ಆಟಿಗೆ ಬಂದಾಗ ಒಂದನ್ನಿಟ್ಟು, ಸ್ವಲ್ಪ ಹೊತ್ತು ನೋಡಿ, ಅದನ್ನೂ ತೆಗೆದು ಸೋಣಕ್ಕೆ ಸರಿಸಿದರು. ನಾನು ಏನನ್ನೂ ಕೇಳಿರಲಿಲ್ಲ.

ಭಾಷೆಯ ವಿಷಯದಲ್ಲೂ ಅಷ್ಟೇ. ಕಾಸರಗೋಡನ್ನು ಸಪ್ತಭಾಷಾ ಸಂಗಮ ಭೂಮಿ ಎಂದು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಪ್ರಶ್ನಾವಳಿ ಹಿಡಿದು ಹೋದವರಿಗೆ ಅದು ಬೇರೆಯೇ ಪಾಠ ಕಲಿಸುತ್ತದೆ. ಇಲ್ಲಿಯ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯ ಕಾಗದದಲ್ಲಿ ಮಲಯಾಳ. ನನ್ನ ನಮೂನೆ ಇಂಗ್ಲಿಷಿನಿಂದ ಮಲಯಾಳಕ್ಕೆ, ಅಲ್ಲಿಂದ ಕನ್ನಡಕ್ಕೆ ಬಂದದ್ದು. ‘ಆಹಾರ ಅಭದ್ರತೆ’ ಎಂಬ ಮಾತು ಯಾರ ಕಿವಿಗೂ ಹೋಗಲಿಲ್ಲ. ತುಳುವಿನಲ್ಲಿ ಹಸಿವಿಗೆ ‘ಬಡವು’ ಎನ್ನುತ್ತಾರೆ. ಆ ಒಂದು ಪದ ಹಿಡಿದ ಮೇಲೆ ಮಾತು ತಾನಾಗಿ ಬಂತು.

ಇನ್ನೊಂದು ತೊಡಕು ರೇಷನ್ ಕಾರ್ಡು. ಹಳದಿ, ಗುಲಾಬಿ, ನೀಲಿ, ಬಿಳಿ: ಕಾರ್ಡಿನ ಬಣ್ಣದ ಮೇಲೆ ಅಕ್ಕಿಯೂ ಸವಲತ್ತುಗಳೂ ನಿಂತಿವೆ. ಕೈಯಲ್ಲಿ ಕಾಗದ ಹಿಡಿದು ಬಂದವರೆಲ್ಲ ಬಣ್ಣ ಬದಲಿಸುವವರೇ ಎಂಬ ಭಯ ಜನರಿಗಿದ್ದರೆ ಅದು ಅವರ ತಪ್ಪಲ್ಲ. ಆದಾಯದ ಪ್ರಶ್ನೆಯನ್ನು ತೆಗೆದುಹಾಕಿ, ಸಾಲದ ಕಂತು ಎಷ್ಟು, ಅಂಗಡಿಯ ಬಾಕಿ ಎಷ್ಟು ಎಂದು ಮಾತ್ರ ಕೇಳಿದೆ. ಹೊಸದಾಗಿ ಈ ಕೆಲಸಕ್ಕೆ ಇಳಿಯುವವರಿಗೆ ನಾನು ಹೇಳುವುದೂ ಇದನ್ನೇ: ಆದಾಯ ಕೇಳಬೇಡಿ, ಬಾಕಿ ಕೇಳಿ.

ಮಕ್ಕಳ ಹತ್ತಿರ ಬೇರೆ ದಾರಿ ಹಿಡಿದೆ. ಒಂದು ಸಮಾಜದಲ್ಲಿ ಎಲ್ಲರಿಗೂ ವಾಡಿಕೆಯಾದ ಬದುಕಿನಿಂದ ಹೊರಗುಳಿಯುವುದೇ ಬಡತನ ಎಂದು ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಪೀಟರ್ ಟೌನ್‌ಸೆಂಡ್ 1979ರಲ್ಲಿ ವಾದಿಸಿದ್ದರು. ಹಾಗಾದರೆ ನಿಮ್ಮ ವಯಸ್ಸಿನವರಿಗೆ ಏನಿಲ್ಲದಿದ್ದರೆ ಆಗುವುದಿಲ್ಲ ಎಂದು ಮಕ್ಕಳನ್ನೇ ಕೇಳಿದೆ. ಸೈಕಲ್, ಮೊಬೈಲ್ ಎಂದಾರು ಎಂದುಕೊಂಡಿದ್ದೆ. ಅವರು ಮೊದಲು ಹೇಳಿದ್ದು ಕೊಡೆ. ಅದೂ ತನ್ನದೇ ಆದ ಕೊಡೆ. ಅಣ್ಣ ತಂಗಿ ಒಂದೇ ಕೊಡೆಯಲ್ಲಿ ಬಂದರೆ ಒಬ್ಬರ ಚೀಲ ನೆನೆಯುತ್ತದೆ, ಪುಸ್ತಕ ಒಣಗುವವರೆಗೆ ಅವರು ಶಾಲೆಗೆ ಬರುವುದಿಲ್ಲ. ನಾನು ಓದಿದ್ದ ಯಾವ ಪಟ್ಟಿಯಲ್ಲೂ ಕೊಡೆ ಇರಲಿಲ್ಲ.

ಅದೇ ಗುಂಪಿನಲ್ಲಿ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: “ಅಕ್ಕಾ, ಮಳೆಗೆ ರಜೆ ಕೊಡುವುದನ್ನು ಬರೆಯುವುದಿಲ್ಲವೇ?” ರಜೆ ಎಂದರೆ ಖುಷಿಯಲ್ಲವೇ ಎಂದೆ. “ರಜೆಯಾದರೆ ಮಧ್ಯಾಹ್ನದ ಅನ್ನವೂ ಇಲ್ಲ, ಪಲ್ಯವೂ ಇಲ್ಲ” ಎಂದಳು. ಉಳಿದವರು ಯಾರೂ ನಗಲಿಲ್ಲ.

ನನ್ನ ಪ್ರಬಂಧ ತಿರುಗಿದ್ದು ಅಲ್ಲಿ. ಮಳೆ ಜೋರಾದ ದಿನ ಜಿಲ್ಲಾಧಿಕಾರಿಗಳು ರಜೆ ಘೋಷಿಸುತ್ತಾರೆ. ತೋಡು ದಾಟಿ ಬರುವ ಮಕ್ಕಳಿರುವ ಊರುಗಳಲ್ಲಿ ಅದು ಸರಿಯಾದ ನಿರ್ಧಾರವೇ. ಆದರೆ ಅದೇ ದಿನ ತಂದೆತಾಯಿಗೂ ಕೂಲಿ ಇಲ್ಲ. ಮನೆಯ ಸಂಪಾದನೆ ನಿಂತ ದಿನವೇ ಶಾಲೆಯ ಊಟವೂ ನಿಲ್ಲುತ್ತದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಎಂಟನೇ ತರಗತಿಯವರೆಗಿನ ಮಕ್ಕಳಿಗೆ ಪ್ರತಿದಿನ ಮಧ್ಯಾಹ್ನದ ಊಟದ ಹಕ್ಕು ಕೊಡುತ್ತದೆ, ‘ಶಾಲಾ ರಜಾದಿನಗಳನ್ನು ಹೊರತುಪಡಿಸಿ’. ಆ ಕಾಯ್ದೆಯನ್ನು ನಾನು ಎಷ್ಟೋ ಬಾರಿ ಓದಿದ್ದೆ. ಆ ಮೂರು ಪದಗಳ ಮೇಲೆ ಕಣ್ಣು ನಿಂತದ್ದು ಆ ಸಂಜೆ. ಕೋವಿಡ್ ಕಾಲದಲ್ಲಿ ಶಾಲೆ ಮುಚ್ಚಿದ್ದಾಗ ಕೇರಳ ಸರಕಾರ ಮಕ್ಕಳಿಗೆ ಆಹಾರದ ಕಿಟ್ ಮುಟ್ಟಿಸಿತ್ತು. ಮಾಡಲಾಗದ ಕೆಲಸವಂತೂ ಇದಲ್ಲ.

ಮೂರನೇ ಸುತ್ತಿಗೆ ದಿನ ಗೊತ್ತುಮಾಡಿಕೊಳ್ಳುವುದನ್ನೇ ಬಿಟ್ಟೆ. ರಜೆ ಘೋಷಣೆಯಾದರೆ ಆ ದಿನ ಹೊರಡುವುದು, ಮಧ್ಯಾಹ್ನ ಹನ್ನೆರಡೂವರೆಯ ಒಳಗೆ ಮನೆ ಸೇರುವುದು. ಬೆಳಗ್ಗಿನಿಂದ ಏನೇನು ತಿಂದೆ ಎಂದು ಮಗುವಿನ ಬಾಯಿಂದಲೇ ಕೇಳುತ್ತೇನೆ, ತಾಯಿಯ ಉತ್ತರವನ್ನು ಬೇರೆ ಹಾಳೆಯಲ್ಲಿ ಬರೆಯುತ್ತೇನೆ. ಎರಡೂ ಒಂದೇ ಆಗಿರಬೇಕಿಲ್ಲ. ತಾಯಿ ಅನ್ನ ಸಾರು ಎಂದ ಮನೆಯಲ್ಲಿ ಮಗು ಗಂಜಿ ಉಪ್ಪಿನಕಾಯಿ ಎಂದದ್ದುಂಟು. ಆಗ ತಾಯಿಯ ಮುಖ ನೋಡದೆ ಬರೆದುಕೊಂಡು, ಮಾತನ್ನು ಬೇರೆ ಕಡೆಗೆ ತಿರುಗಿಸುತ್ತೇನೆ.

ಕಳೆದ ಆಟಿಯಲ್ಲಿ ಒಂದು ಮನೆಗೆ ಹೋದಾಗ ಒಲೆಯ ಮೇಲೆ ಹಲಸಿನ ಬೀಜ ಬೇಯುತ್ತಿತ್ತು. ಹುಡುಗ ಎಣಿಸಿ ತಂಗಿಗೆ ಏಳು, ತನಗೆ ಆರು ಇಟ್ಟುಕೊಂಡ. ಆಮೇಲೆ ನನ್ನನ್ನು ನೋಡಿ, ತನ್ನ ಪಾಲಿನಿಂದ ಎರಡು ತೆಗೆದು ಬಾಳೆ ಎಲೆಯ ತುಂಡಿನ ಮೇಲಿಟ್ಟು ನನ್ನ ಮುಂದೆ ಸರಿಸಿದ.