ಒಂದೇ ಬೋರ್ಡು, ಎರಡು ಬೆಲೆ: ಬ್ರಿಟನ್ನಿನ ಪುಟ್ಟ ಸೂಪರ್‌ಮಾರ್ಕೆಟ್‌ಗಳಲ್ಲಿ ನೋಡಿ ಕೊಳ್ಳುವುದು ಹೇಗೆ?

ಪೊಟ್ಟಣದ ಬೆನ್ನ ಮೇಲೆ ಅಚ್ಚಾದ ಎಂಆರ್‌ಪಿ ನೋಡಿ ದುಡ್ಡು ಎಣಿಸಿ ಬೆಳೆದವರು ನಾವು. ಅಂಗಡಿ ಮಲ್ಲೇಶ್ವರದ್ದಾಗಲಿ ಮೂಡಿಗೆರೆಯದ್ದಾಗಲಿ, ಅಚ್ಚಾದ ಬೆಲೆಗಿಂತ ಒಂದು ರೂಪಾಯಿ ಹೆಚ್ಚು ಕೇಳಿದರೆ ತಕರಾರು ತೆಗೆಯುವ ಹಕ್ಕು ಗಿರಾಕಿಗಿದೆ. ಓದಿಗೋ ನೌಕರಿಗೋ ಬ್ರಿಟನ್ನಿಗೆ ಹೋದವರಿಗೆ ಈ ಆಸರೆ ಇಲ್ಲ. ಅಲ್ಲಿ ಬೆಲೆ ಕಟ್ಟುವವನು ಅಂಗಡಿಯವನೇ. ಇಷ್ಟಕ್ಕೇ ಮಾರಬೇಕೆಂದು ತಯಾರಕರು ಅವನಿಗೆ ಕಟ್ಟುಮಾಡುವುದನ್ನು ಅಲ್ಲಿನ ಸ್ಪರ್ಧಾ ಕಾನೂನು ಒಪ್ಪುವುದಿಲ್ಲ. ಹೀಗಾಗಿ ಒಂದೇ ಕಂಪನಿಯ ದೊಡ್ಡ ಮಳಿಗೆಯಲ್ಲಿ ಒಂದು ಬೆಲೆ, ರೈಲು ನಿಲ್ದಾಣದ ಪಕ್ಕದ ಪುಟ್ಟ ಶಾಖೆಯಲ್ಲಿ ಇನ್ನೊಂದು ಬೆಲೆ ಇದ್ದರೆ ಅದು ತಪ್ಪೂ ಅಲ್ಲ, ಅಪರೂಪವೂ ಅಲ್ಲ.

ಉತ್ತರ ಲಂಡನ್ನಿನಲ್ಲಿ ನಾನು ಕಳೆದ ಮೊದಲ ವಾರದಲ್ಲಿ ಪ್ರತಿ ಸಂಜೆ ನಿಲ್ದಾಣದಿಂದ ಹೊರಬಿದ್ದ ಕೂಡಲೇ ಸಿಗುತ್ತಿದ್ದ ಶಾಖೆಯಲ್ಲಿ ಹಾಲು, ಬ್ರೆಡ್ಡು, ಮೊಸರು, ಅರ್ಧ ಡಜನ್ ಮೊಟ್ಟೆ ಕೊಳ್ಳುತ್ತಿದ್ದೆ. ಶನಿವಾರ ಅದೇ ಕಂಪನಿಯ ದೊಡ್ಡ ಮಳಿಗೆಗೆ ಹೋಗಿ ಬಂದು ಎರಡು ಬಿಲ್ಲುಗಳನ್ನು ಅಡುಗೆಮನೆಯ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಾಗ ಹೆಚ್ಚುಕಡಿಮೆ ಪ್ರತಿ ಸಾಲಿನಲ್ಲೂ ಹತ್ತು ಪೆನ್ನಿ, ಇಪ್ಪತ್ತು ಪೆನ್ನಿಯ ಅಂತರ ಕಂಡಿತು. ಯಾವುದೂ ದೊಡ್ಡ ಮೊತ್ತವಲ್ಲ. ಆದ್ದರಿಂದಲೇ ವಾರವಿಡೀ ಕಣ್ಣಿಗೆ ಬಿದ್ದಿರಲಿಲ್ಲ.

ಮೊದಲು ಬೋರ್ಡನ್ನು ಪೂರ್ತಿ ಓದಿ

ಕಂಪನಿಯ ಹೆಸರಿನ ಪಕ್ಕದಲ್ಲಿರುವ ಸಣ್ಣ ಪದವೇ ಇಲ್ಲಿ ಮುಖ್ಯ. ಟೆಸ್ಕೊ ಎಕ್ಸ್‌ಪ್ರೆಸ್, ಸೇನ್ಸ್‌ಬರೀಸ್ ಲೋಕಲ್, ಮಾರಿಸನ್ಸ್ ಡೈಲಿ, ಆಸ್ಡಾ ಎಕ್ಸ್‌ಪ್ರೆಸ್, ಲಿಟಲ್ ವೇಟ್ರೋಸ್ ಇವೆಲ್ಲ ಪುಟ್ಟ ಶಾಖೆಗಳು. ಟೆಸ್ಕೊ ಎಕ್ಸ್‌ಟ್ರಾ ಅಥವಾ ಸೂಪರ್‌ಸ್ಟೋರ್ ಎಂದಿದ್ದರೆ ಅದು ದೊಡ್ಡದು. ಹೆಸರೇ ಬೇರೆಯಾಗಿರುವುದೂ ಉಂಟು: ಒನ್ ಸ್ಟಾಪ್ ಎಂಬ ಅಂಗಡಿಗಳ ಸರಪಳಿಯ ಒಡೆತನ ಟೆಸ್ಕೊದ್ದು.

ಈ ಪುಟ್ಟ ಶಾಖೆಗಳು ಇಷ್ಟೊಂದು ಹಬ್ಬಿದ್ದಕ್ಕೆ ಒಂದು ಕಾಯ್ದೆಯ ಒತ್ತಾಸೆಯೂ ಇದೆ. 1994ರ ಭಾನುವಾರದ ವ್ಯಾಪಾರ ಕಾಯ್ದೆಯ ಪ್ರಕಾರ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 280 ಚದರ ಮೀಟರಿಗಿಂತ ದೊಡ್ಡದಾದ ಅಂಗಡಿ ಭಾನುವಾರ ಬೆಳಗಿನ 10ರಿಂದ ಸಂಜೆ 6ರ ನಡುವೆ ಸತತ ಆರು ಗಂಟೆ ಮಾತ್ರ ವ್ಯಾಪಾರ ಮಾಡಬಹುದು. ಅದಕ್ಕಿಂತ ಚಿಕ್ಕದಕ್ಕೆ ಈ ಕಟ್ಟಳೆ ಇಲ್ಲ. ಅದೇ ವರ್ಷ ಲಂಡನ್ನಿನ ಬಾರ್ನ್ಸ್‌ನಲ್ಲಿ ಮೊದಲ ಟೆಸ್ಕೊ ಎಕ್ಸ್‌ಪ್ರೆಸ್ ತೆರೆಯಿತು, 1998ರಲ್ಲಿ ಸೇನ್ಸ್‌ಬರೀಸ್ ಲೋಕಲ್ ಬಂತು. ಪೇಟೆ ನಡುವಿನ ಬಾಡಿಗೆ, ಬೆಳಗ್ಗೆಯಿಂದ ತಡರಾತ್ರಿಯವರೆಗೂ ಬೇಕಾಗುವ ಆಳುಗಳು, ದಾಸ್ತಾನಿಗೆ ಜಾಗವಿಲ್ಲದೆ ಮತ್ತೆ ಮತ್ತೆ ತರಿಸಬೇಕಾದ ಸರಕು, ಇವುಗಳ ಖರ್ಚೆಲ್ಲ ಕಡಿಮೆ ಮಾರಾಟದ ಮೇಲೆಯೇ ಬೀಳುತ್ತದೆ ಎಂಬುದು ಕಂಪನಿಗಳ ಸಮರ್ಥನೆ. ಅದರಲ್ಲಿ ನಿಜವಿದೆ. ಆದರೆ ಕಾರಿಲ್ಲದವರು, ವಯಸ್ಸಾದವರು, ಎರಡು ಪಾಳಿ ದುಡಿದು ರಾತ್ರಿ ಹತ್ತಕ್ಕೆ ಮನೆ ಸೇರುವವರು ಈ ಶಾಖೆಗಳನ್ನೇ ನೆಚ್ಚಿಕೊಂಡಿರುವುದರಿಂದ, ಅನುಕೂಲದ ಬೆಲೆಯನ್ನು ಅನುಕೂಲವಿಲ್ಲದವರೇ ಹೆಚ್ಚಾಗಿ ತೆರುತ್ತಿದ್ದಾರೆ ಎನ್ನುವುದೂ ಅಷ್ಟೇ ನಿಜ.

ಹತ್ತು ಪದಾರ್ಥಗಳ ಪಟ್ಟಿ ಮಾಡಿ

ಎಲ್ಲದರ ಬೆಲೆಯನ್ನೂ ನೆನಪಿಟ್ಟುಕೊಳ್ಳಲು ಆಗುವುದಿಲ್ಲ, ಬೇಕಾಗಿಯೂ ಇಲ್ಲ. ವಾರ ವಾರ ತಪ್ಪದೆ ಕೊಳ್ಳುವ ಹತ್ತನ್ನು ಆರಿಸಿ ಬರೆದುಕೊಳ್ಳಿ: ಹಾಲು, ಮೊಸರು, ಬ್ರೆಡ್ಡು, ಮೊಟ್ಟೆ, ಈರುಳ್ಳಿ, ಟೊಮೆಟೊ, ಅಡುಗೆ ಎಣ್ಣೆ, ಬಾಳೆಹಣ್ಣು, ಬೆಣ್ಣೆ, ಓಟ್ಸ್. ಕಂಪನಿಯ ಆನ್‌ಲೈನ್ ಅಂಗಡಿಯಲ್ಲಿ ಕಾಣುವ ಬೆಲೆ ಸಾಮಾನ್ಯವಾಗಿ ದೊಡ್ಡ ಮಳಿಗೆಯ ಬೆಲೆ. ಅದನ್ನು ಮೊಬೈಲಿನಲ್ಲಿ ತೆರೆದಿಟ್ಟುಕೊಂಡು ಒಂದು ಸಲ ಪುಟ್ಟ ಶಾಖೆಯ ಶೆಲ್ಫುಗಳ ಮುಂದೆ ನಡೆದು ಬನ್ನಿ. ಹತ್ತು ನಿಮಿಷದ ಕೆಲಸ. ಬ್ರಿಟನ್ನಿನ ಗ್ರಾಹಕ ಸಂಸ್ಥೆ ‘ವಿಚ್?’ 2023ರಲ್ಲಿ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. 75 ಪದಾರ್ಥಗಳ ಬುಟ್ಟಿಯನ್ನು ವಾರ ವಾರ ಟೆಸ್ಕೊ ಎಕ್ಸ್‌ಪ್ರೆಸ್‌ನಲ್ಲಿ ಕೊಂಡರೆ, ಆನ್‌ಲೈನಿನಲ್ಲಿ ಕೊಳ್ಳುವುದಕ್ಕಿಂತ ವರ್ಷಕ್ಕೆ ಸುಮಾರು 800 ಪೌಂಡ್ ಹೆಚ್ಚಾಗುತ್ತದೆಂದು ಅದು ಲೆಕ್ಕ ಹಾಕಿತ್ತು.

ಬೆಲೆಗಿಂತ ಅಳತೆಯನ್ನು ನೋಡಿ

ಪುಟ್ಟ ಶಾಖೆಯಲ್ಲಿ ದುಡ್ಡು ಸೋರುವುದು ಎರಡು ಕಡೆ. ಅದೇ ಪೊಟ್ಟಣಕ್ಕೆ ಹೆಚ್ಚು ಬೆಲೆ ಇರುವುದು ಒಂದು. ದೊಡ್ಡ ಪೊಟ್ಟಣವೇ ಇಲ್ಲದಿರುವುದು ಇನ್ನೊಂದು. ಎರಡನೆಯದು ಸುಲಭವಾಗಿ ಗೊತ್ತಾಗುವುದಿಲ್ಲ. ಹಾಲನ್ನೇ ನೋಡಿ. ಬ್ರಿಟನ್ನಿನಲ್ಲಿ ಹಾಲು ಇಂದಿಗೂ ಪಿಂಟ್ ಲೆಕ್ಕದಲ್ಲಿ ಬರುತ್ತದೆ. ಒಂದು ಪಿಂಟ್ ಎಂದರೆ 568 ಮಿಲಿಲೀಟರ್. ಲೆಕ್ಕಕ್ಕೆಂದು ಎರಡು ಪಿಂಟಿನ ಬಾಟಲಿಗೆ 1.30 ಪೌಂಡ್, ನಾಲ್ಕು ಪಿಂಟಿನದಕ್ಕೆ 1.70 ಪೌಂಡ್ ಎಂದಿಟ್ಟುಕೊಳ್ಳೋಣ. ಚಿಕ್ಕದರಲ್ಲಿ ಲೀಟರಿಗೆ 1.14 ಪೌಂಡ್ ಬಿದ್ದರೆ, ದೊಡ್ಡದರಲ್ಲಿ 75 ಪೆನ್ನಿ ಮಾತ್ರ. ಶೆಲ್ಫಿನಲ್ಲಿ ನಾಲ್ಕು ಪಿಂಟಿನ ಬಾಟಲಿ ಸಿಗದ ಸಂಜೆ ಒಂಟಿ ಚಿಕ್ಕ ಬಾಟಲಿ ಹಿಡಿದು ಬರುವವರು ಈ ಅಂತರವನ್ನು ಕೊಟ್ಟೇ ಬರುತ್ತಾರೆ.

ಈ ಲೆಕ್ಕವನ್ನು ನೀವೇ ಮಾಡಬೇಕಾಗಿಲ್ಲ. ಬೆಲೆಚೀಟಿಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಕಿಲೋಗೆ, ಲೀಟರಿಗೆ ಅಥವಾ 100 ಗ್ರಾಮಿಗೆ ಎಷ್ಟೆಂಬ ಯೂನಿಟ್ ಬೆಲೆ ಇರುತ್ತದೆ. ಬಗ್ಗಿ ಅದನ್ನು ಓದಿ. ಬೆಲೆ ನಮೂದಿಸುವ ಕುರಿತ 2004ರ ಆದೇಶ ದೊಡ್ಡ ಅಂಗಡಿಗಳಿಗೆ ಇದನ್ನು ಕಡ್ಡಾಯ ಮಾಡಿ, 280 ಚದರ ಮೀಟರ್ ಮೀರದ ಅಂಗಡಿಗಳಿಗೆ ಪೊಟ್ಟಣದ ಸರಕಿನ ಮಟ್ಟಿಗೆ ವಿನಾಯಿತಿ ಕೊಟ್ಟಿತು. ಮತ್ತೆ ಅದೇ 280! ಚೀಟಿಯಲ್ಲಿ ಯೂನಿಟ್ ಬೆಲೆ ಇಲ್ಲದಿದ್ದರೆ ಮೊಬೈಲಿನ ಕ್ಯಾಲ್ಕುಲೇಟರ್ ತೆಗೆಯಬೇಕಷ್ಟೆ. ಒಂದು ಎಚ್ಚರಿಕೆ: ಬಿಡಿ ಈರುಳ್ಳಿಯ ದರ ಕಿಲೋ ಲೆಕ್ಕದಲ್ಲಿದ್ದು, ಬಲೆಚೀಲದ ಈರುಳ್ಳಿಯದು ಒಂದಕ್ಕಿಷ್ಟೆಂದು ಬರೆದಿದ್ದರೆ ಎರಡನ್ನೂ ಒಂದೇ ಅಳತೆಗೆ ತರದೆ ಹೋಲಿಸಬೇಡಿ.

ಕಾರ್ಡು ಇರಲಿ, ನಂಬಿಕೆ ಮಿತಿಯಲ್ಲಿರಲಿ

ಟೆಸ್ಕೊದ ಕ್ಲಬ್‌ಕಾರ್ಡ್, ಸೇನ್ಸ್‌ಬರೀಸ್ ಬಳಸುವ ನೆಕ್ಟರ್ ಕಾರ್ಡು ಎರಡೂ ಖಾಯಂ ಗಿರಾಕಿಗಳಿಗೆಂದು ಇರುವ ಉಚಿತ ಕಾರ್ಡುಗಳು. ಕ್ಲಬ್‌ಕಾರ್ಡ್ ಬಂದದ್ದು 1995ರಲ್ಲಾದರೂ ಕಾರ್ಡು ಇದ್ದವರಿಗೊಂದು ಬೆಲೆ, ಇಲ್ಲದವರಿಗೊಂದು ಬೆಲೆ ಎಂಬ ಪದ್ಧತಿ ಅಲ್ಲಿ ಶುರುವಾದದ್ದು 2019ರಲ್ಲಿ. ನೆಕ್ಟರ್ ಬೆಲೆಗಳು 2023ರಲ್ಲಿ ಬಂದವು. ಕಾರ್ಡಿಲ್ಲದೆ ಕೌಂಟರಿಗೆ ಹೋಗಬೇಡಿ. ಆದರೆ ಕಾರ್ಡಿನ ರಿಯಾಯಿತಿಯನ್ನು ಕಳೆಯುವುದು ಆ ಶಾಖೆಯ ಮೂಲ ಬೆಲೆಯಿಂದ ಎಂಬುದು ನೆನಪಿರಲಿ.

ಖರೀದಿಯನ್ನು ಹಂಚಿಕೊಳ್ಳಿ

ಅಕ್ಕಿ, ಬೇಳೆ, ಸಾಂಬಾರ ಪದಾರ್ಥಗಳಿಗೆ ಸೂಪರ್‌ಮಾರ್ಕೆಟ್ಟೇ ಬೇಡ. ಲಂಡನ್ನಿನಲ್ಲಾದರೆ ಈಸ್ಟ್ ಹ್ಯಾಮ್, ಟೂಟಿಂಗ್, ವೆಂಬ್ಲಿಯ ದಕ್ಷಿಣ ಏಷ್ಯದ ಅಂಗಡಿಗಳಲ್ಲಿ ಸೋನಾ ಮಸೂರಿಯ ದೊಡ್ಡ ಚೀಲ, ತೊಗರಿಬೇಳೆ, ಹುಣಸೆಹಣ್ಣು ಎಲ್ಲವೂ ಸಿಗುತ್ತವೆ. ತಿಂಗಳಿಗೊಮ್ಮೆ ಹೋದರೆ ಸಾಕು. ವಾರದ ದಿನಸಿಗೆ ದೊಡ್ಡ ಮಳಿಗೆಯನ್ನೋ ಅಗ್ಗದ ಸರಪಳಿಗಳಾದ ಆಲ್ಡಿ, ಲಿಡ್ಲ್‌ಗಳನ್ನೋ ಗೊತ್ತು ಮಾಡಿಕೊಳ್ಳಿ. ದೂರವೆನಿಸಿದರೆ ಮನೆಯಲ್ಲಿ ಜೊತೆಗಿರುವವರೊಡನೆ ಸೇರಿ ಒಂದೇ ಆನ್‌ಲೈನ್ ಆರ್ಡರ್ ಕೊಟ್ಟರೆ ಕನಿಷ್ಠ ಮೊತ್ತವೂ ತುಂಬುತ್ತದೆ, ತಲುಪಿಸುವ ಶುಲ್ಕವೂ ಹಂಚಿಹೋಗುತ್ತದೆ. ತಾಸಿನೊಳಗೆ ಮನೆಗೆ ತರುವ ಸೇವೆಗಳ ಮಾತು ಬೇರೆ: ಟೆಸ್ಕೊದ ವೂಶ್‌ನ ಸರಕು ಹೊರಡುವುದು ಹೆಚ್ಚಾಗಿ ಎಕ್ಸ್‌ಪ್ರೆಸ್ ಮಳಿಗೆಗಳಿಂದ, ಆದ್ದರಿಂದ ಅಲ್ಲಿ ದೊಡ್ಡ ಮಳಿಗೆಯ ಬೆಲೆಯನ್ನು ನಿರೀಕ್ಷಿಸಬೇಡಿ.

ಬೀದಿ ಮೂಲೆಯ ಸ್ವಂತ ಅಂಗಡಿಯನ್ನೂ ಕಡೆಗಣಿಸಬಾರದು. ಅಲ್ಲಿ ಬಿಸ್ಕತ್ತು, ಚಹಾ, ತಂಪು ಪಾನೀಯಗಳ ಕೆಲವು ಪೊಟ್ಟಣಗಳ ಮೇಲೆ ಬೆಲೆ ಅಚ್ಚಾಗಿಯೇ ಬಂದಿರುತ್ತದೆ. ನಮ್ಮ ಎಂಆರ್‌ಪಿಯಂತೆ ಅದು ಕಾನೂನಿನ ಮಿತಿಯಲ್ಲ, ತಯಾರಕರ ಸೂಚನೆ ಮಾತ್ರ. ಆದರೂ ಕಣ್ಣೆದುರಿಗಿರುವ ಅಂಕಿಯನ್ನು ಮೀರಿ ಕೇಳಲು ಅಂಗಡಿಯವರು ಹಿಂಜರಿಯುತ್ತಾರೆ. ಇಷ್ಟೆಲ್ಲ ಮಾಡಿದ ಮೇಲೆ ಪುಟ್ಟ ಶಾಖೆಗೆ ಉಳಿಯುವುದು ದಿಢೀರನೆ ತೀರಿದ ಹಾಲು ಮತ್ತು ಭಾನುವಾರ ಸಂಜೆಯ ಮರೆವು. ಅದಕ್ಕೆ ನಾಲ್ಕು ಪೆನ್ನಿ ಹೆಚ್ಚು ಕೊಡಲು ನನಗಂತೂ ಬೇಸರವಿಲ್ಲ.

ತಕರಾರು ಯಾವಾಗ?

ಎರಡು ಶಾಖೆಗಳ ಬೆಲೆ ಬೇರೆಯಾಗಿದೆ ಎಂದು ದೂರುವುದರಿಂದ ಏನೂ ಆಗದು. ಆದರೆ ಶೆಲ್ಫಿನಲ್ಲಿ ಬರೆದ ಬೆಲೆಗಿಂತ ಬಿಲ್ಲಿನಲ್ಲಿ ಹೆಚ್ಚು ಬಂದಿದ್ದರೆ ಸುಮ್ಮನಿರಬೇಡಿ. ಬಾಗಿಲು ದಾಟುವ ಮೊದಲೇ ಬಿಲ್ಲು ನೋಡಿ, ಬೆಲೆಚೀಟಿಯ ಫೋಟೊ ತೆಗೆದು ಕೌಂಟರಿನಲ್ಲಿ ತೋರಿಸಿ, ವ್ಯತ್ಯಾಸದ ಹಣ ಕೇಳಿ. ಅದೇ ಶಾಖೆಯಲ್ಲಿ ಮತ್ತೆ ಮತ್ತೆ ಹೀಗಾದರೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸಿಟಿಜನ್ಸ್ ಅಡ್ವೈಸ್‌ನ ಗ್ರಾಹಕ ಸಹಾಯವಾಣಿಗೆ ತಿಳಿಸಬಹುದು. ದೂರು ಅಲ್ಲಿಂದ ಸ್ಥಳೀಯ ಆಡಳಿತದ ಟ್ರೇಡಿಂಗ್ ಸ್ಟ್ಯಾಂಡರ್ಡ್ಸ್ ವಿಭಾಗಕ್ಕೆ ಹೋಗುತ್ತದೆ.