ಹಳೇ ಕಾರಿಗೆ ಎಥನಾಲ್ ಪೆಟ್ರೋಲ್: ಮೊದಲು ಪೈಪು, ಆಮೇಲೆ ಜೆಟ್ಟು

ಎಥನಾಲ್ ಬೆರೆತ ಪೆಟ್ರೋಲ್ ಹಾಕಿದ ತಕ್ಷಣ ಹಳೇ ಕಾರಿನ ಇಂಜಿನ್ ಕೆಡುವುದಿಲ್ಲ. ಕೆಡುವುದು ನಿಧಾನಕ್ಕೆ, ಅದೂ ಹೆಚ್ಚಾಗಿ ರಬ್ಬರಿನಿಂದ ಶುರು. ನನ್ನದು ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕಳಿಸುವ ಭಾಗ) ಇರುವ ಗಾಡಿ. ಎಲ್ಲರೂ ಮೊದಲು ಟ್ಯೂನಿಂಗ್ ಬಗ್ಗೆ ಕೇಳುತ್ತಾರೆ. ನಾನು ಮೊದಲು ನೋಡುವುದು ಪೈಪು. ಟ್ಯೂನಿಂಗ್ ತಪ್ಪಿದರೆ ಗಾಡಿ ಎಳೆಯುವುದಿಲ್ಲ, ಅಷ್ಟೇ. ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಸೋರಿದರೆ ಬೆಂಕಿ.

ಇಂಜಿನ್ ತಣ್ಣಗಿರುವಾಗ ಟ್ಯಾಂಕಿನಿಂದ ಕಾರ್ಬ್ಯುರೇಟರ್‌ವರೆಗೆ ಒಂದೊಂದೇ ಪೈಪನ್ನು ಬಗ್ಗಿಸಿ ನೋಡಿ. ಕ್ಲಿಪ್ಪಿನ ಪಕ್ಕದಲ್ಲೇ ಕೂದಲೆಳೆಯಂಥ ಬಿರುಕು ಇರುತ್ತದೆ, ಬಗ್ಗಿಸದಿದ್ದರೆ ಕಾಣುವುದಿಲ್ಲ. ಪೈಪು ಉಬ್ಬಿ ಮೆತ್ತಗಾಗಿದ್ದರೂ ಬದಲಿಸಿ, ಒಣಗಿ ಗಟ್ಟಿಯಾಗಿದ್ದರೂ ಬದಲಿಸಿ. ಒಣ ಬಟ್ಟೆಯಲ್ಲಿ ಒರೆಸಿ ಮೂಸಿ ನೋಡಿ. ಜೋರಾಗಿ ಪೆಟ್ರೋಲ್ ವಾಸನೆ ಬಂದರೆ ಅದರ ಕಾಲ ಮುಗಿದಿದೆ. ಹೊಸ ಪೈಪಿನ ಮೇಲೆ ‘ಎಸ್‌ಎಇ ಜೆ30 ಆರ್9’ (SAE J30R9, ಇಂಧನ ಪೈಪಿನ ಒಂದು ಗುಣಮಟ್ಟದ ಗುರುತು) ಎಂದು ಅಚ್ಚಾಗಿರಲಿ. ಅದರ ಒಳಪದರ ವೈಟಾನ್ ಜಾತಿಯ ರಬ್ಬರ್, ಎಥನಾಲ್‌ಗೆ ಬಗ್ಗುವುದಿಲ್ಲ. ಪಂಪಿನ ಡಯಾಫ್ರಮ್, ಕಾರ್ಬ್ಯುರೇಟರ್‌ನ ಗ್ಯಾಸ್ಕೆಟ್ ಕೂಡ ಇದೇ ಸಲ ಬದಲಾಗಲಿ. ಕಾರ್ಬ್ಯುರೇಟರ್ ಒಳಗೆ ಪೆಟ್ರೋಲಿನ ಮೇಲೆ ತೇಲುವ ಫ್ಲೋಟ್ ಹಿತ್ತಾಳೆಯದಾಗಿದ್ದರೆ ಚಿಂತೆ ಕಡಿಮೆ, ಕಾರ್ಕಿನದಾದರೆ ತೆಗೆದುಹಾಕಿ.

ಆಮೇಲೆ ಫಿಲ್ಟರ್. ಟ್ಯಾಂಕಿನ ಒಳಗೋಡೆಗೆ ವರ್ಷಗಟ್ಟಲೆ ಅಂಟಿಕೊಂಡ ಜಿಡ್ಡನ್ನೆಲ್ಲ ಎಥನಾಲ್ ಎಬ್ಬಿಸಿ ತರುತ್ತದೆ. ಒಳಗಿನದು ಕಾಣುವಂಥ ಫಿಲ್ಟರ್ ಹಾಕಿ, ಡಿಕ್ಕಿಯಲ್ಲಿ ಇನ್ನೊಂದು ಇಟ್ಟುಕೊಂಡಿರಿ.

ಈಗ ಜೆಟ್ಟು, ಅಂದರೆ ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಅಳತೆಯಾಗಿ ಹರಿಯುವ ಸಣ್ಣ ತೂತು. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು, ಎಥನಾಲ್‌ಗೆ 9 ಸಾಕು. ಆಕ್ಸಿಜನ್ ಸೆನ್ಸರ್ ಇರುವ ಗಾಡಿ ಈ ವ್ಯತ್ಯಾಸವನ್ನು ತಕ್ಕಮಟ್ಟಿಗೆ ತಾನೇ ಸರಿಮಾಡಿಕೊಳ್ಳುತ್ತದೆ. ಕಾರ್ಬ್ಯುರೇಟರ್‌ಗೆ ಇದು ತಿಳಿಯಬೇಕಲ್ವಾ? ಅದು ಹಳೇ ಲೆಕ್ಕದಲ್ಲೇ ಬಿಡುತ್ತದೆ, ಮಿಶ್ರಣ ತೆಳುವಾಗುತ್ತದೆ, ಅಂದರೆ ಗಾಳಿ ಹೆಚ್ಚು, ಇಂಧನ ಕಡಿಮೆ. ಆಕ್ಸಿಲರೇಟರ್ ಒತ್ತಿದಾಗ ಗಾಡಿ ತಡವರಿಸಿ ಎಳೆಯುವುದು, ಸ್ಪಾರ್ಕ್ ಪ್ಲಗ್ ತುದಿ ಕಂದು ಬಿಟ್ಟು ಸುಣ್ಣದಂತೆ ಬೆಳ್ಳಗಾಗುವುದು ಇದರ ಗುರುತು. ಇ10 (10% ಎಥನಾಲ್ ಬೆರೆತ ಪೆಟ್ರೋಲ್) ಆದರೆ ಎಷ್ಟೋ ಗಾಡಿಗಳಲ್ಲಿ ಮಿಕ್ಸ್ಚರ್ ಸ್ಕ್ರೂ ಸ್ವಲ್ಪ ತಿರುಗಿಸಿದರೆ ಮುಗಿಯಿತು. ಇ20ಗೆ (20% ಎಥನಾಲ್) ಮೇನ್ ಜೆಟ್ ಒಂದು ಸೈಜ್ ದೊಡ್ಡದು ಬೇಕಾಗಬಹುದು. ಒಂದೊಂದೇ ಸೈಜ್ ಏರಿಸಿ, ಪ್ರತಿ ಸಲ ಓಡಿಸಿ ಪ್ಲಗ್ ಬಿಚ್ಚಿ ನೋಡಿ. ಮ್ಯಾನ್ಯುಯಲ್‌ನಲ್ಲಿ ಇ10 ಮಾತ್ರ ಎಂದಿದ್ದರೆ ಅದನ್ನು ದಾಟದಿರುವುದೇ ಒಳ್ಳೆಯದು.

ಮೈಲೇಜ್ ಇ10ರಲ್ಲಿ ಸುಮಾರು 3%, ಇ20ರಲ್ಲಿ 6-7% ಇಳಿಯುವುದು ಸಹಜ. ಅದಕ್ಕಿಂತ ಜಾಸ್ತಿ ಬಿದ್ದರೆ ಸುಮ್ನೆ ಎಥನಾಲ್ ಮೇಲೆ ಹಾಕಬೇಡಿ. ಬ್ರೇಕ್ ಹಿಡಿದುಕೊಂಡಿದೆಯಾ, ಚೋಕ್ ಪೂರ್ತಿ ಬಿಡುತ್ತಿದೆಯಾ ನೋಡಿ.

ಪೆಟ್ರೋಲಿನಲ್ಲಿ ಎಥನಾಲ್ ಎಷ್ಟಿದೆ ಎಂಬ ಅನುಮಾನ ಇದ್ದರೆ, ಬಯಲಲ್ಲಿ, ಬೆಂಕಿಯಿಂದ ದೂರ, ಅಳತೆ ಗೆರೆ ಇರುವ ಗಾಜಿನ ಕೊಳವೆಗೆ 10 ಮಿಲಿ ನೀರು, 90 ಮಿಲಿ ಪೆಟ್ರೋಲ್ ಹಾಕಿ. ಕುಲುಕಿ, ತಿಳಿಯಾಗಲು ಬಿಡಿ. ಎಥನಾಲ್ ನೀರಿನ ಜೊತೆ ಕೆಳಕ್ಕಿಳಿಯುತ್ತದೆ. ಕೆಳಗಿನ ಪದರ 19ರ ಹತ್ತಿರ ಬಂದರೆ ಇ10, 28ರ ಹತ್ತಿರ ಬಂದರೆ ಇ20.

ಇದೇ ಗುಣದಿಂದ, ನಿಂತ ಗಾಡಿಯ ಟ್ಯಾಂಕಿಗೆ ನೀರು ಸೇರಿದರೆ ಎರಡೂ ಒಟ್ಟಿಗೆ ತಳಕ್ಕಿಳಿದು ತುಕ್ಕು ಹಿಡಿಸುತ್ತವೆ. ಗಾಡಿ ತಿಂಗಳುಗಟ್ಟಲೆ ನಿಲ್ಲುವುದಾದರೆ ಅರ್ಧ ಟ್ಯಾಂಕ್ ಬಿಡಬೇಡಿ. ಒಂದೋ ಬಾಯಿಮಟ್ಟ ತುಂಬಿಸಿ, ಇಲ್ಲವೇ ಪೂರ್ತಿ ಖಾಲಿ ಮಾಡಿ. ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು (ಬೌಲ್) ಮಾತ್ರ ಎರಡೂ ಸಂದರ್ಭದಲ್ಲಿ ಖಾಲಿ ಇರಲಿ. ಅದರ ಸತುವಿನ ಲೋಹಕ್ಕೆ ಬಿಳಿ ಪುಡಿ ಕಟ್ಟಿದರೆ ಜೆಟ್ ಮುಚ್ಚಿಹೋಗುತ್ತದೆ.