ಆಸಿಡ್ ಬಾಟಲಿಗಿಂತ ಮೊದಲು ನಳ

ಹೊಟ್ಟೆಯ ಜಾಗದಲ್ಲಿ ಸಣ್ಣ ಸಣ್ಣ ತೂತಿಲ್ಲದ ಅಂಗಿ ನನ್ನ ಹತ್ತಿರ ಎರಡೋ ಮೂರೋ ಇರಬಹುದು. ಮದುವೆಯಾದ ಹೊಸದರಲ್ಲಿ ಮನೆಯವಳು ಬೀರುವಿಗೆ ಇಲಿ ಹೊಕ್ಕಿದೆ ಅಂದುಕೊಂಡು ಇಲಿ ಪಾಷಾಣ ತರಿಸಿದ್ದಳು. ಇಲಿ ಅಲ್ಲ, ಸಲ್ಫ್ಯೂರಿಕ್ ಆಸಿಡ್. ಅದೂ ನೀರು ಬೆರೆಸಿದ ಡೈಲ್ಯೂಟ್ ಆಸಿಡ್. ಟೇಬಲ್ ಅಂಚಿನಲ್ಲಿ ಒಂದು ಹನಿ ಬಿದ್ದಿರುತ್ತದೆ, ನೀರೇ ಇರಬೇಕು ಅಂತ ಒರಗುತ್ತೇವೆ. ಆಗ ಏನೂ ಗೊತ್ತಾಗುವುದಿಲ್ಲ. ಸಂಜೆ ಹೊತ್ತಿಗೆ ಹನಿಯಲ್ಲಿದ್ದ ನೀರು ಆರುತ್ತದೆ, ಆಸಿಡ್ ಆರುವುದಿಲ್ಲ. ಬಟ್ಟೆಯಲ್ಲೇ ಕೂತು ಖಾರ ಏರಿಸಿಕೊಳ್ಳುತ್ತದೆ. ಒಗೆದು ಹಿಂಡಿದಾಗ ತೂತು ಕಾಣುತ್ತದೆ.

ನಾನು ದಾವಣಗೆರೆಯ ಒಂದು ಪಿಯು ಕಾಲೇಜಿನ ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಅಟೆಂಡರ್. ಇಪ್ಪತ್ತೆರಡು ವರ್ಷವಾಯಿತು. ಪಾಠ ಮಾಡುವವನಲ್ಲ. ಬಾಟಲಿ ತುಂಬುವವನು, ತೊಳೆಯುವವನು, ಒಡೆದದ್ದನ್ನು ಗುಡಿಸುವವನು. ಆಸಿಡ್ ಜೊತೆ ಜಾಸ್ತಿ ಹೊತ್ತು ಇರುವವನು ಲೆಕ್ಚರರ್ ಅಲ್ಲ, ಅಟೆಂಡರ್. ಅದಕ್ಕೇ ಬರೆಯಬೇಕು ಅನ್ನಿಸಿತು.

ನನ್ನ ಎಡಗೈ ಮೇಲೆ ಮೊಣಕೈ ಕೆಳಗೆ ಒಂದು ಕಲೆ ಇದೆ. ಕೆಲಸಕ್ಕೆ ಸೇರಿದ ಮೂರನೇ ವರ್ಷದ ಬೇಸಿಗೆಯದು. ಪೂರಕ ಪರೀಕ್ಷೆಯ ಪ್ರಾಕ್ಟಿಕಲ್‌ಗೆ ತಯಾರಿ ನಡೆದಿತ್ತು. ಎರಡೂವರೆ ಲೀಟರ್ ಬಾಟಲಿಯನ್ನು ಮೇಲಿನ ಶೆಲ್ಫಿನಿಂದ ಒಂದೇ ಕೈಯಲ್ಲಿ, ಕುತ್ತಿಗೆ ಹಿಡಿದು ಇಳಿಸಿದೆ. ಇದರಲ್ಲೇ ಎರಡು ತಪ್ಪು. ಸಲ್ಫ್ಯೂರಿಕ್ ಆಸಿಡ್ ನೋಡಲು ಎಣ್ಣೆ ಹಾಗೆ, ತೂಕದಲ್ಲಿ ನೀರಿನ ಹತ್ತಿರ ಹತ್ತಿರ ಎರಡರಷ್ಟು. ಒಂದು ಲೀಟರ್ 1.84 ಕೆಜಿ ತೂಗುತ್ತದೆ. ಎರಡೂವರೆ ಲೀಟರ್ ಅಂದರೆ ಆಸಿಡ್ಡೇ 4.6 ಕೆಜಿ, ಮೇಲೆ ಗಾಜಿನ ತೂಕ ಬೇರೆ. ಕೈ ನೀರಿನ ಬಾಟಲಿ ಎತ್ತುವ ಅಂದಾಜಿನಲ್ಲಿ ಹೋಗುತ್ತದೆ, ತಟ್ಟನೆ ಜಗ್ಗುತ್ತದೆ. ಸಾಲದ್ದಕ್ಕೆ ಹಿಂದಿನ ಸಲ ಸುರಿದಾಗ ಇಳಿದಿದ್ದ ಆಸಿಡ್ ಬಾಟಲಿ ಹೊರಗೆ ಹಾಗೇ ಇತ್ತು. ಮುಚ್ಚಳವನ್ನೂ ಯಾರೋ ಸುಮ್ನೆ ಇಟ್ಟಿದ್ದರು, ತಿರುಗಿಸಿರಲಿಲ್ಲ. ಬಾಟಲಿ ಬೀಳಲಿಲ್ಲ, ಪುಣ್ಯ. ಆದರೆ ಒಂದು ಚಮಚದಷ್ಟು ಕೈ ಮೇಲೆ ಚೆಲ್ಲಿತು.

ಮೊದಲು ಬಿಸಿ ಅನ್ನಿಸುತ್ತದೆ, ಅಷ್ಟೇ. ಉರಿ ಆಮೇಲೆ. ನಾನು ಸಿಂಕ್ ಹತ್ತಿರ ಓಡಿ ನಳ ತಿರುಗಿಸಿದೆ. ಫುಸ್ ಅಂತ ಗಾಳಿ ಬಂತು. ಪಕ್ಕದ್ದು ತಿರುಗಿಸಿದೆ, ಅದರಲ್ಲೂ ಗಾಳಿ. ಟ್ಯಾಂಕ್ ಖಾಲಿ.

ದಾವಣಗೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹರಿಹರದ ಕಡೆ ರಾಜನಹಳ್ಳಿಯಿಂದ ಹೊಳೆ ನೀರು ಎತ್ತಬೇಕು, ಭದ್ರಾ ನಾಲೆ ಬಿಟ್ಟಾಗ ಕುಂದವಾಡ ಕೆರೆ ತುಂಬಿಸಿಕೊಳ್ಳಬೇಕು. ಬೇಸಿಗೆ ಬಂತೆಂದರೆ ಮನೆಯಲ್ಲಿ ಮೊದಲ ಮಾತೇ 'ಇವತ್ತು ನಳ ಬಿಡ್ತಾರಾ?' ಮನೆಯಲ್ಲಿ ಕೊಡ, ಡ್ರಮ್ಮು, ಬಕೆಟ್ಟು ಎಲ್ಲ ತುಂಬಿಸಿಟ್ಟುಕೊಳ್ಳುವ ನಾವು ಲ್ಯಾಬಿಗೆ ಬಂದ ಕೂಡಲೇ ಮರೆತುಬಿಡುತ್ತೇವೆ. ನಾನು ಮಹಡಿ ಇಳಿದು ಸಂಪಿನ ಹತ್ತಿರ ಓಡಿದೆ. ಹಿಂದೆಯೇ ಬಂದ ಲೆಕ್ಚರರ್ ಬಕೆಟ್‌ನಲ್ಲಿ ಮೊಗೆದು ಮೊಗೆದು ಸುರಿದರು. ಒಂದು ನಿಮಿಷವೋ ಒಂದೂವರೆ ನಿಮಿಷವೋ ತಡವಾಗಿರಬೇಕು. ಕಲೆ ಆ ಒಂದು ನಿಮಿಷದ್ದು.

ಆ ಗಲಾಟೆಯಲ್ಲಿ ಒಬ್ಬರು ಟೂತ್‌ಪೇಸ್ಟ್ ತಂದರು, ಇನ್ನೊಬ್ಬರು ಕ್ಯಾಂಟೀನಿಗೆ ಬೆಣ್ಣೆ ತರಲು ಹುಡುಗನನ್ನು ಓಡಿಸಿದರು. ಬೆಣ್ಣೆ ದೋಸೆಗೆ ಸರಿ. ಸುಟ್ಟ ಚರ್ಮಕ್ಕೆ ಹಚ್ಚಿದರೆ ಆಸಿಡ್ಡು ಅದರಡಿ ಕೂತೇ ಇರುತ್ತದೆ, ಬಿಸಿಯೂ ಹೊರಗೆ ಹೋಗುವುದಿಲ್ಲ. ಪುಸ್ತಕ ಓದಿದವರು ಮಾಡುವ ತಪ್ಪೇ ಬೇರೆ. ಆಸಿಡ್‌ಗೆ ಅಡುಗೆ ಸೋಡಾ ಹಾಕಿದರೆ ಸರಿಹೋಗುತ್ತದೆ ಅಂತ ಮೈಮೇಲೆ ಸೋಡಾ ಸುರಿಯುತ್ತಾರೆ. ನೆಲದ ಮೇಲೆ ಅದು ಸರಿ. ಚರ್ಮದ ಮೇಲೆ ಬೇಡ, ಅವೆರಡೂ ಸೇರುವಾಗಲೂ ಬಿಸಿ ಹುಟ್ಟುತ್ತದೆ. ಬೇಕಾದದ್ದು ನೀರು. ಒದ್ದೆ ಬಟ್ಟೆಯಲ್ಲಿ ಒರೆಸುವ ನೀರಲ್ಲ, ಧಾರಾಕಾರ ಹರಿಯುವ ನೀರು, ಕನಿಷ್ಠ 15–20 ನಿಮಿಷ. ಗಡಿಯಾರ ನೋಡಿಕೊಂಡೇ ನಿಲ್ಲಬೇಕು, ಇಲ್ಲದಿದ್ದರೆ ಎರಡು ನಿಮಿಷವೇ ಇಪ್ಪತ್ತು ಅನ್ನಿಸುತ್ತದೆ. ಆಸಿಡ್ ಬಿದ್ದ ಬಟ್ಟೆ, ವಾಚು, ಉಂಗುರ ನೀರು ಬೀಳುತ್ತಿರುವಾಗಲೇ ತೆಗೆಯಬೇಕು. ನಾಚಿಕೆಗೆ ಅದು ಹೊತ್ತಲ್ಲ. ಕಣ್ಣಿಗೆ ಬಿದ್ದರೆ ರೆಪ್ಪೆಯನ್ನು ಬೆರಳಲ್ಲಿ ಅಗಲಿಸಿ ಹಿಡಿದು ಅಷ್ಟೇ ಹೊತ್ತು ತೊಳೆದು, ಸೀದಾ ಕಣ್ಣಿನ ಡಾಕ್ಟರ ಹತ್ತಿರ. ಮೊದಲು ಆಸ್ಪತ್ರೆ, ಅಲ್ಲಿ ತೊಳೆಯುತ್ತಾರೆ ಅಂತ ಆಟೋ ಹತ್ತಿಸಬಾರದು.

ಅವತ್ತಿನಿಂದ ನನ್ನದೊಂದು ಪದ್ಧತಿ. ಬೆಳಿಗ್ಗೆ ಲ್ಯಾಬಿನ ಬೀಗ ತೆಗೆದ ಕೂಡಲೇ ಎರಡೂ ನಳ ತಿರುಗಿಸಿ ನೋಡುತ್ತೇನೆ. ನೀರು ಬಂದರೆ ಮಾತ್ರ ಆಸಿಡ್ ಬೀರುವಿನ ಕೀಲಿ ಕೈಗೆ. ಸಿಂಕ್ ಪಕ್ಕ ಇನ್ನೂರು ಲೀಟರಿನ ಎರಡು ಡ್ರಮ್ ಇಟ್ಟಿದ್ದೇನೆ, ಮೇಲೆ ಮಗ್ಗು. ಈ ನೀರನ್ನು ಪಿಪೆಟ್ ತೊಳೆಯಲು ಮುಟ್ಟಿದರೆ ನನಗೆ ಸಿಟ್ಟು ಬರುತ್ತದೆ. ಕಣ್ಣು ತೊಳೆಯುವ ಪ್ರತ್ಯೇಕ ನಳಕ್ಕೆ ಅರ್ಜಿ ಕೊಟ್ಟಿದ್ದೆವು. ಅದು ಬರುವ ಹೊತ್ತಿಗೆ ಬರಲಿ ಅಂತ, ಬಚ್ಚಲುಮನೆಯಲ್ಲಿ ಹಾಕುತ್ತಾರಲ್ಲ, ಆ ಕೈ ಶವರಿನ ಪೈಪನ್ನು ಹೊಸದಾಗಿ ತಂದು ಒಂದು ನಳಕ್ಕೆ ಕೂಡಿಸಿದೆ. ನೀರು ಮೆಲ್ಲಗೆ ಬರುವ ಹಾಗೆ ವಾಲ್ವ್ ತಿರುವಿಟ್ಟಿದ್ದೇನೆ.

ಇನ್ನು ಆಸಿಡ್ಡನ್ನು ಡೈಲ್ಯೂಟ್ ಮಾಡುವ ಕೆಲಸ. 'ನೀರಿಗೆ ಆಸಿಡ್ ಹಾಕು, ಆಸಿಡ್‌ಗೆ ನೀರು ಹಾಕಬೇಡ' ಎಂದು ಹುಡುಗರು ಕಂಠಪಾಠ ಒಪ್ಪಿಸುತ್ತಾರೆ. ಯಾಕೆ ಅಂತ ಕೇಳಿದರೆ ಮುಖ ಮುಖ ನೋಡುತ್ತಾರೆ. ಕಾದ ಎಣ್ಣೆ ಬಾಣಲೆಗೆ ನೀರು ಬಿದ್ದರೆ ಏನಾಗುತ್ತದೆ ಅಂತ ಮಿರ್ಚಿ ಅಂಗಡಿಯಲ್ಲಿ ನೋಡಿಲ್ಲವೇ? ಇಲ್ಲಿ ಕಾಯಿಸುವುದೂ ಬೇಡ. ನೀರು ಹಗುರ, ಆಸಿಡ್ ಮೇಲೆ ತೇಲುತ್ತದೆ. ಎರಡೂ ಸೇರುವ ಜಾಗದಲ್ಲಿ ಹುಟ್ಟುವ ಬಿಸಿಗೆ ಮೇಲಿನ ನೀರು ಅಲ್ಲೇ ಕುದಿದು, ಆಸಿಡ್ಡನ್ನೂ ಎತ್ತಿಕೊಂಡು ಮುಖಕ್ಕೆ ಹಾರುತ್ತದೆ. ನೀರಿಗೆ ಆಸಿಡ್ ಬಿಟ್ಟರೆ ಅದು ಭಾರವಾಗಿ ಕೆಳಗಿಳಿಯುತ್ತದೆ, ಬಿಸಿಯನ್ನು ಅಷ್ಟೂ ನೀರು ಹಂಚಿಕೊಳ್ಳುತ್ತದೆ.

ನೇರಳೆ ಬಣ್ಣದ ಪರ್ಮಾಂಗನೇಟ್ ದ್ರಾವಣವನ್ನು ಹನಿ ಹನಿ ಬಿಟ್ಟು ಅಳೆಯುವ ಪ್ರಯೋಗ ಇದೆಯಲ್ಲ, ಆ ಟೈಟ್ರೇಶನ್‌ಗೆ ನಾನು 2 ಮೋಲಾರ್ (ದ್ರಾವಣ ಎಷ್ಟು ಗಟ್ಟಿ ಅನ್ನುವ ಅಳತೆ) ಆಸಿಡ್ ಮಾಡಿಡುತ್ತೇನೆ. ಒಂದು ಲೀಟರಿಗೆ 98 ಶೇಕಡಾ ಆಸಿಡ್ ಸುಮಾರು 110 ಮಿಲಿ ಬೇಕು. ಬಿಸಿ ತಡೆಯುವ ಬೊರೊಸಿಲ್ ಗಾಜಿನ ಎರಡು ಲೀಟರ್ ಬೀಕರಿನಲ್ಲಿ 700 ಮಿಲಿ ಡಿಸ್ಟಿಲ್ಡ್ ವಾಟರ್. ಬೀಕರನ್ನು ತಣ್ಣೀರಿನ ಪ್ಲಾಸ್ಟಿಕ್ ಟಬ್ಬಿನಲ್ಲಿ ಕೂರಿಸುತ್ತೇನೆ. ಗಾಜಿನ ಕಡ್ಡಿಗೆ ತಾಗಿಸಿ ಸ್ವಲ್ಪ ಸ್ವಲ್ಪವೇ ಆಸಿಡ್ ಬಿಡುವುದು, ಕಲಕುವುದು, ಕಾಯುವುದು. ಅವಸರ ಮಾಡಿದರೆ ಬೀಕರ್ ಮುಟ್ಟಲಾಗದಷ್ಟು ಸುಡುತ್ತದೆ. ಪೂರ್ತಿ ಆರಿದ ಮೇಲೆ ಲೀಟರಿಗೆ ಸರಿಮಾಡುತ್ತೇನೆ. ಹಳಬರೊಬ್ಬರು ಈ ಕೆಲಸವನ್ನು ಸೀದಾ ಸಾದಾ ಗಾಜಿನ ಬಾಟಲಿಯಲ್ಲೇ ಮಾಡುತ್ತಿದ್ದರು. ಒಂದು ದಿನ ಬಾಟಲಿಯ ತಳ ಕಳಚಿ ಕೂತಲ್ಲೇ ಉಳಿಯಿತು, ಅವರ ಕೈಯಲ್ಲಿ ಮೇಲಿನ ಭಾಗ ಮಾತ್ರ ಬಂತು.

ಕೈಗವಸಿನ ಬಗ್ಗೆ ಒಂದು ಮಾತು. ಆಸ್ಪತ್ರೆಯಲ್ಲಿ ಹಾಕುವ ತೆಳು ಗ್ಲೌಸ್ ಹಾಕಿಕೊಂಡು ಧೈರ್ಯವಾಗಿ ಬರುತ್ತಾರೆ. ನೀರು ಬೆರೆಸದ ಆಸಿಡ್‌ಗೆ ಅದು ಹೆಚ್ಚು ಹೊತ್ತು ತಡೆಯುವುದಿಲ್ಲ. ನಾನು ಮೊಣಕೈವರೆಗೆ ಬರುವ ದಪ್ಪ ನಿಯೋಪ್ರೀನ್ ರಬ್ಬರಿನದು ಹಾಕುತ್ತೇನೆ. ಅದೇ ಗ್ಲೌಸಿನಲ್ಲಿ ಬಾಗಿಲು, ಫೋನು, ರಿಜಿಸ್ಟರ್ ಮುಟ್ಟುವುದಿಲ್ಲ. ಕನ್ನಡಕ ಮಾತ್ರ ಎಲ್ಲಕ್ಕಿಂತ ಮೊದಲು. ಕೈ ವಾಸಿಯಾಗುತ್ತದೆ, ಕಣ್ಣಿಗೆ ಆ ಭರವಸೆ ಇಲ್ಲ.

ಇಷ್ಟೆಲ್ಲ ಹೇಳಿದರೂ, ಪಿಯು ಲ್ಯಾಬಿನಲ್ಲಿ ನನಗೆ ನಿಜವಾಗಿ ಭಯ ಹುಟ್ಟಿಸುವುದು ದೊಡ್ಡ ಬಾಟಲಿ ಅಲ್ಲ, ಸಾಲ್ಟ್ ಅನಾಲಿಸಿಸ್, ಅಂದರೆ ಕೊಟ್ಟ ಉಪ್ಪು ಯಾವುದೆಂದು ಪತ್ತೆ ಮಾಡುವ ಪ್ರಯೋಗ, ಮಾಡುವ ಹುಡುಗನ ಟೆಸ್ಟ್ ಟ್ಯೂಬ್. ಉಪ್ಪಿಗೆ ಕಾನ್ಸಂಟ್ರೇಟೆಡ್, ಅಂದರೆ ನೀರು ಬೆರೆಸದ ಸಲ್ಫ್ಯೂರಿಕ್ ಆಸಿಡ್ ಹಾಕಿ ಕಾಯಿಸುತ್ತಾನೆ. ಕಂದು ಹೊಗೆ ಬಂತು, ನೈಟ್ರೇಟ್ ಅಂತ ಬರೆದ, ಖುಷಿಯಾಯಿತು. ಮುಂದಿನ ಟೆಸ್ಟಿಗೆ ಟ್ಯೂಬ್ ಬೇಕಲ್ಲ, ಸೀದಾ ಹೋಗಿ ನಳದ ಕೆಳಗೆ ಹಿಡಿಯುತ್ತಾನೆ. ಅಲ್ಲಿರುವುದು ನೀರಿಗಿಂತ ಎಷ್ಟೋ ಬಿಸಿಯಾದ ಆಸಿಡ್. ಅದು 300 ಡಿಗ್ರಿ ದಾಟಿದ ಮೇಲೇ ಕುದಿಯುವಂಥದ್ದು. ಮೇಲಿಂದ ನೀರು ಬಿದ್ದರೆ ಪಟ್ ಅಂತ ಸಿಡಿಯುತ್ತದೆ, ಸಿಂಕಿನ ಮೇಲೆ ಬಾಗಿದ ಮುಖ ಎದುರಿಗೇ ಇರುತ್ತದೆ. ಆಸಿಡ್‌ಗೆ ನೀರು ಹಾಕಬೇಡ ಅಂತ ಹೇಳಿದವನೇ ಇದನ್ನು ಮಾಡುವುದು, ಯಾಕೆಂದರೆ ಅವನ ಲೆಕ್ಕದಲ್ಲಿ ಅದು ತೊಳೆಯುವುದು, ಬೆರೆಸುವುದಲ್ಲ. ಹಾಗಾಗಿ ಬಿಸಿ ಟ್ಯೂಬಿಗೆ ನಮ್ಮಲ್ಲಿ ಬೇರೆ ಸ್ಟ್ಯಾಂಡು, ಕೆಂಪು ಬಣ್ಣ ಬಳಿದದ್ದು. 'ಅಣ್ಣಾ, ಟ್ಯೂಬ್ ಸಾಲುತ್ತಿಲ್ಲ' ಅಂತ ಗೋಗರೆದರೂ ಅಲ್ಲಿಂದ ತೆಗೆಯಲು ಬಿಡುವುದಿಲ್ಲ. ಆರಿದ ಮೇಲೆ ನಾನೇ ಒಂದೊಂದಾಗಿ ದೊಡ್ಡ ಟಬ್ಬಿನ ನೀರಿಗೆ ಬಗ್ಗಿಸುತ್ತೇನೆ.

ಇನ್ನೊಂದು, ಪರ್ಮಾಂಗನೇಟ್ ಹರಳಿನ ಡಬ್ಬಿಯನ್ನು ಆಸಿಡ್ ಬೀರುವಿನಲ್ಲಿ ಇಡುವುದಿಲ್ಲ. ಹರಳಿನ ಮೇಲೆ ನೀರು ಬೆರೆಸದ ಆಸಿಡ್ ಬಿದ್ದರೆ ಸ್ಫೋಟಿಸುವ ವಸ್ತು ಹುಟ್ಟುತ್ತದೆ. ಅಮೋನಿಯಾವನ್ನೂ ದೂರ ಇಟ್ಟಿದ್ದೇನೆ. ಹೈಡ್ರೋಕ್ಲೋರಿಕ್ ಪಕ್ಕ ಇಟ್ಟರೆ ಎರಡರ ಹೊಗೆ ಸೇರಿ ಬೀರುವೆಲ್ಲ ಬೂದಿ ಬಳಿದಂತೆ ಬೆಳ್ಳಗಾಗುತ್ತದೆ. ಅಪಾಯಕ್ಕಿಂತ ಒರೆಸುವ ಕಷ್ಟವೇ ದೊಡ್ಡದು. ಸಲ್ಫ್ಯೂರಿಕ್ ಈಗ ಕೆಳಗಿನ ಖಾನೆಯಲ್ಲಿ, ಪ್ಲಾಸ್ಟಿಕ್ ಟ್ರೇ ಒಳಗೆ. ಎತ್ತುವಾಗ ಎರಡು ಕೈ, ಒಂದು ತಳಕ್ಕೆ.

ಚೆಲ್ಲಿದಾಗ ಏನು ಮಾಡಬೇಕು ಅನ್ನುವುದರಲ್ಲಿ ನಮ್ಮ ಲ್ಯಾಬಿನ ತಯಾರಿ ಒಂದು ಕಾಲಕ್ಕೆ ನಗು ಬರಿಸುವಂತಿತ್ತು. ಕಿಟಕಿಯ ಮೇಲೆ ನೂರು ಗ್ರಾಂ ಅಡುಗೆ ಸೋಡಾದ ಪೊಟ್ಟಣ. ಲೆಕ್ಚರರ್ ಹತ್ತಿರ ಲೆಕ್ಕ ಹಾಕಿಸಿದೆ. ಅರ್ಧ ಲೀಟರಿನ ಒಂದು ಬಾಟಲಿ ಒಡೆದರೆ ಒಂದೂವರೆ ಕೆಜಿಗೂ ಮಿಕ್ಕಿ ಸೋಡಾ ಬೇಕು. ಕಿರಾಣಿ ಅಂಗಡಿಯಲ್ಲಿ ಐದು ಕೆಜಿ ಒಟ್ಟಿಗೇ ಕೇಳಿದ್ದಕ್ಕೆ ಅಂಗಡಿಯವರು 'ಮಿರ್ಚಿ ಅಂಗಡಿ ಹಾಕಿದ್ರಾ?' ಅಂದರು. ಅದರ ಪಕ್ಕ ಒಣ ಮರಳಿನ ಬಕೆಟ್ಟು. ಮರಳಿನಲ್ಲಿ ಸುತ್ತ ಕಟ್ಟೆ ಕಟ್ಟಿ, ಅಂಚಿನಿಂದ ಒಳಕ್ಕೆ ಸೋಡಾ ಉದುರಿಸುತ್ತಾ ಬರಬೇಕು, ನೊರೆ ನಿಲ್ಲುವವರೆಗೆ. ಹಳೇ ಬಟ್ಟೆ, ಮರದ ಹೊಟ್ಟು ಹಾಕಬಾರದು. ಸಕ್ಕರೆಗೆ ಈ ಆಸಿಡ್ ಹಾಕಿದರೆ ಕರ್ರಗೆ ಇದ್ದಿಲಾಗಿ ಉಬ್ಬಿ ಬರುವುದನ್ನು ಮಕ್ಕಳಿಗೆ ತೋರಿಸುತ್ತೇವಲ್ಲ, ಬಟ್ಟೆಗೂ ಹೊಟ್ಟಿಗೂ ಅದೇ ಗತಿ, ಹೊಗೆ ಬೇರೆ.

ರಿಜಿಸ್ಟರ್ ಬರೆಯುವುದು ಮೊದಲು ನನಗೆ ಬೇಜಾರಿನ ಕೆಲಸ. 2013ರಲ್ಲಿ ಆಸಿಡ್ ದಾಳಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂತು. ಕಾಲೇಜು ಲ್ಯಾಬುಗಳೂ ಬಳಕೆಯ ಲೆಕ್ಕ ಇಡಬೇಕು, ಒಬ್ಬರು ಜವಾಬ್ದಾರಿ ಹೊರಬೇಕು. ನಮ್ಮಲ್ಲಿ ಬರೆಯುವ ಕೆಲಸ ನನಗೆ ಬಂತು. ಈಗ ದಿನಾ ಸಂಜೆ ಮಿಲಿ ಲೆಕ್ಕದಲ್ಲಿ ಬರೆದು ಬಾಟಲಿಯ ಮೇಲೆ ಗೆರೆ ಎಳೆಯುತ್ತೇನೆ. ಒಮ್ಮೆ ರಜೆ ಮುಗಿಸಿ ಬಂದಾಗ ಗೆರೆಗಿಂತ ಮೇಲೆ ಬಂದಿತ್ತು ಆಸಿಡ್. ಕದ್ದರೆ ಕಡಿಮೆಯಾಗಬೇಕು, ಇದು ಹೆಚ್ಚಾಗಿದೆಯಲ್ಲ ಅಂತ ತಲೆ ಕೆಟ್ಟಿತು. ನೋಡಿದರೆ ಮುಚ್ಚಳ ಸಡಿಲ. ಮಳೆಗಾಲದ ಗಾಳಿಯ ನೀರನ್ನು ಅದು ಹೀರಿಕೊಂಡಿತ್ತು.

ಕಳೆದ ಮಳೆಗಾಲದಲ್ಲಿ ಡೆಂಗಿ ಸಮೀಕ್ಷೆಗೆ ಆಶಾ ಕಾರ್ಯಕರ್ತೆಯರು ಕಾಲೇಜಿಗೆ ಬಂದಿದ್ದರು. ನನ್ನ ಎರಡು ಡ್ರಮ್ ನೋಡಿ, ಟಾರ್ಚ್ ಬಿಟ್ಟು, 'ಅಣ್ಣಾ, ಇಷ್ಟು ದಿನದ ನೀರು ಯಾಕೆ ಇಟ್ಟೀರಿ, ಲಾರ್ವಾ ಆಗ್ತಾವೆ, ಚೆಲ್ಲಿಬಿಡಿ' ಅಂದರು. ನಾನು ಅಂಗಿ ತೋಳು ಮೇಲೇರಿಸಿ ಕಲೆ ತೋರಿಸಿ ಕಥೆಯೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿದರು. ಕೇಳಿ, 'ಹಾಗಾದ್ರೆ ಸೋಮವಾರ ಸೋಮವಾರ ಉಜ್ಜಿ ತೊಳೆದು ಹೊಸ ನೀರು ತುಂಬಿ, ಬಿಗಿ ಮುಚ್ಚಳ ಹಾಕಿ' ಅಂದು ಡ್ರಮ್ಮಿನ ಮೇಲೆ ಚಾಕ್‌ನಲ್ಲಿ ತಾರೀಖು ಬರೆದು ಹೋದರು. ಈಗ ಸೋಮವಾರ ಅರ್ಧ ಗಂಟೆ ಬೇಗ ಬರುತ್ತೇನೆ.